ಉಪವಾಸದ ಬಾಯಿಗೆ ಹಣ್ಣಿನ ವಾಸನೆ

ಗಂಡನ ಬಾಯಿ ಮೂಸಿ ನೋಡಿದ್ದೀರಾ? ನಾನು ಮೊನ್ನೆ ನೋಡಿದೆ. (ನಗಬೇಡಿ. ಅವರು ಕುಡಿಯುವುದಿಲ್ಲ. ಕುಡಿಯುವವರಾಗಿದ್ದರೆ ಮೂಸುವ ಕಷ್ಟವಿರಲಿಲ್ಲ, ವಾಸನೆ ಊರಿನ ಅಗಸೆ ಬಾಗಿಲಿನಿಂದಲೇ ಬರುತ್ತಿತ್ತು.)

ನಮ್ಮ ಮನೆಯವರಿಗೆ ಶುಗರ್. ಅಥಣಿಯ ಡಾಕ್ಟರು ಹೋದ ಸಲವೇ ಕಡ್ಡಿ ಮುರಿದಂತೆ ಹೇಳಿದ್ದರು, ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಇಳಿಯದಿದ್ದರೆ ಇನ್ಸುಲಿನ್ ಚುಚ್ಚಬೇಕು ಎಂದು. ದ್ರಾಕ್ಷಿ ತೋಟದಲ್ಲಿ ಹಾವು ಕಂಡರೂ ಅಂಜದ ಮನುಷ್ಯ ಸೂಜಿ ಎಂದರೆ ಬೆವರುತ್ತಾರೆ. ಹಾಗಾಗಿ ಈ ಸಲ ಪರೀಕ್ಷೆಯ ಹಿಂದಿನ ದಿನವೇ ಏಕಾದಶಿ ಬಂದದ್ದು ನೋಡಿ ಹಿಗ್ಗಿದರು.

"ಇಡೀ ದಿನ ಬರೇ ನೀರ ಮ್ಯಾಲ ಇರ್ತೀನಿ. ಶುಗರ್ ಹೆಂಗ ಇಳಿಯೂದಿಲ್ಲ ನೋಡೂಣು!"

ನನಗೆ ಅಲ್ಲೇ ಅನುಮಾನ. ಚಿಕ್ಕೋಡಿ, ನಿಪ್ಪಾಣಿಯಿಂದ ಹಿಡಿದು ನಮ್ಮೂರಿನವರೆಗೆ ಏಕಾದಶಿ ಹೇಗಿರುತ್ತದೆ, ನಿಮಗೆ ಗೊತ್ತಲ್ಲ? ರೊಟ್ಟಿ, ಅನ್ನ ಮುಟ್ಟುವಂತಿಲ್ಲ. ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಟಾಟಿ, ಬಾಳೆಹಣ್ಣು ಎಲ್ಲ ನಡೆಯುತ್ತದೆ. "ಏಕಾದಶಿ, ದುಪ್ಪಟ್ ಖಾಶಿ" ಎಂದು ನಮ್ಮ ಅತ್ತೆ ಮರಾಠಿಯಲ್ಲೇ ನಗುತ್ತಾರೆ. ಉಪವಾಸದ ದಿನ ಎರಡು ಪಟ್ಟು ತಿನ್ನುವವರಿಗೆ ಹೇಳುವ ಮಾತು. ಇಂಥ ಸೀಮೆಯಲ್ಲಿ ಒಬ್ಬ ಮನುಷ್ಯ ಬರೀ ನೀರು ಕುಡಿದು ದಿನ ತೆಗೆಯುತ್ತಾನೆಂದರೆ ಯಾರು ನಂಬಬೇಕು? ಅದೂ ಒಳಕೋಣೆಯಲ್ಲಿ ನಮ್ಮದೇ ತೋಟದ ಹೊಸ ಮಣೂಕ (ಒಣದ್ರಾಕ್ಷಿ) ಡಬ್ಬಿ ಡಬ್ಬಿ ತುಂಬಿಟ್ಟಿರುವಾಗ?

ಮರುದಿನ ಬೆಳಿಗ್ಗೆ ಮನೆಯ ಮಷಿನ್‌ನಲ್ಲಿ ಬೆರಳು ಚುಚ್ಚಿ ನೋಡಿದೆ. (ಅದಕ್ಕೂ ಕಣ್ಣು ಮುಚ್ಚಿಕೊಳ್ಳುತ್ತಾರೆ.) ಉಂಡು ಮಲಗಿದ ದಿನಗಳಿಗಿಂತ ಹೆಚ್ಚು!

"ಖರೆ ಹೇಳ್ರಿ, ಏನ್ ತಿಂದೀರಿ?"

"ಪಾಂಡುರಂಗನ ಆಣಿ, ನೀರ ಬಿಟ್ರ ಏನೂ ಮುಟ್ಟಿಲ್ಲ."

"ಹಂಗಾರ ಬಾಯಿ ತೆಗೀರಿ."

ತೆಗೆದರು. ಕಳಿತ ಹಣ್ಣಿನ ವಾಸನೆ! ಇನ್ನೇನು ಸಾಕ್ಷಿ ಬೇಕು? ಮೇಲೆ ದೇವರ ಆಣೆ ಬೇರೆ. ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು. ಇಷ್ಟು ವರ್ಷ ಜೊತೆಗೆ ಬಾಳಿದವರು ಒಂದು ಹಿಡಿ ಮಣೂಕಕ್ಕಾಗಿ ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳುವುದೆ? "ಸಣ್ಣಾಂವ ಇದ್ದಾಗೂ ಬೆಲ್ಲಾ ಕದ್ದು ತಿಂತಿದ್ದ" ಎಂದು ಅತ್ತೆ ಹಳೆಯ ಕೇಸನ್ನೂ ಹೊರತೆಗೆದರು. ಮನೆಯವರು ಹೋಗಿ ಬೈಕ್ ಚಾಲೂ ಮಾಡಿದರು. ಅಥಣಿಯವರೆಗೂ ಬೈಕಿನ ಹಿಂದೆ ಕೂತ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಡಾಕ್ಟರ ಮುಂದೆ ನಾನೇ ಫಿರ್ಯಾದಿ. ಎಲ್ಲ ಕೇಳಿಸಿಕೊಂಡು ಅವರು ಮನೆಯವರ ಕಡೆ ತಿರುಗಿದರು.

"ನಿನ್ನಿ ಗುಳಿಗಿ ತಗೊಂಡೀರೇನು?"

"ಏಕಾದಶಿಗಿ ಗುಳಿಗಿ ಹೆಂಗ ನಡೀತೈತ್ರಿ? ಉಪಾಸ ಮುರೀತೈತಲ್ಲ!"

(ಬಟಾಟಿ ನಡೆಯುತ್ತದೆ. ಗುಳಿಗೆ ನಡೆಯುವುದಿಲ್ಲ. ಇದು ಯಾವ ಶಾಸ್ತ್ರ?)

"ನೋಡವ್ವಾ, ಇವರು ತಿಂದಿಲ್ಲ" ಎಂದರು ಡಾಕ್ಟರು ನನಗೆ. "ಲಿವರ್ ಅಂದ್ರ ಜ್ವಾಳ ತುಂಬೂ ಹಗೇವ ಇದ್ದಂಗ. ಉಂಡಾಗ ಹೆಚ್ಚಾದ ಸಕ್ಕರಿ ಒಳಗ ತುಂಬಿಡತೈತಿ. ಉಪಾಸ ಇದ್ದಾಗ ಅದನ್ನ ತಗದು ರಕ್ತಕ್ಕ ಬಿಡತೈತಿ. ಶುಗರ್ ಇದ್ದವರ ಹಗೇವಿನ ಬಾಯಿ ಸಡ್ಲ. ಬ್ಯಾಡಂದ್ರೂ ಬಿಡತೈತಿ. ಅದರಾಗ ಇವರು ಗುಳಿಗೀನೂ ಬಿಟ್ಟಾರ."

ಮತ್ತೆ ಆ ವಾಸನೆ? ಹೊಟ್ಟೆಗೆ ಏನೂ ಬೀಳದೆ ಹೊತ್ತಾದರೆ ದೇಹ ತನ್ನ ಕೊಬ್ಬನ್ನೇ ಉರಿಸಲು ಶುರು ಮಾಡುತ್ತದಂತೆ, ಆಗ ಬಾಯಿ ಹಣ್ಣಿನಂತೆ ನಾರುತ್ತದಂತೆ. ಮೂತ್ರ ಪರೀಕ್ಷೆ ಮಾಡಿಸಿದ ಮೇಲೆ ಡಾಕ್ಟರು ಇಬ್ಬರನ್ನೂ ಗದರಿದರು. ಈ ಸಲ ಪಾರಾದಿರಿ, ಶುಗರ್ ಇದ್ದವರಿಗೆ ಆ ವಾಸನೆ ಬಂದರೆ ಅದು ಹುಡುಗಾಟವಲ್ಲ, ನನ್ನನ್ನು ಕೇಳದೆ ಉಪವಾಸ ಬೇಡ, ಗುಳಿಗೆ ಬಿಡುವುದಂತೂ ಬೇಡವೇ ಬೇಡ ಎಂದರು. ಇನ್ಸುಲಿನ್ ಮಾತು ಸದ್ಯಕ್ಕೆ ಮುಂದಕ್ಕೆ ಹೋಯಿತು.

ಅಂದರೆ ನಾನು ಹಿಡಿದ ಎರಡೂ ಸಾಕ್ಷಿಗಳು ಅವರು ಉಪವಾಸ ಇದ್ದದ್ದಕ್ಕೇ ಸಾಕ್ಷಿ! ಒಳಗಿದ್ದುಕೊಂಡೇ ಲಿವರ್ ಕಳ್ಳತನ ಮಾಡಿದರೆ ನಾನು ಯಾರನ್ನು ನಂಬಬೇಕು? ಆದರೂ ನಾಚಿಕೆಯಾಯಿತು. "ತಪ್ಪಾತ್ರಿ" ಎಂದೆ. ಮನೆಗೆ ಬಂದವಳೇ, ಬೆಳಿಗ್ಗೆ ಹೊರಡುವಾಗ ಸಿಟ್ಟಿನಲ್ಲಿ ಒಳಕೋಣೆಗೆ ಹಾಕಿ ಸೆರಗಿಗೆ ಕಟ್ಟಿಕೊಂಡಿದ್ದ ಕೀಲಿಯನ್ನು ಅವರ ಕೈಗೇ ಕೊಟ್ಟೆ. ವಿಶ್ವಾಸ ಎಂದಮೇಲೆ ಪೂರ್ತಿ ಇರಬೇಕಲ್ಲವೆ?

ನಿನ್ನೆ ಒಗೆಯಲು ಹಾಕುವ ಮುಂಚೆ ಅವರ ಅಂಗಿಯ ಜೇಬು ತಿರುವಿದೆ. ಮಣೂಕ! ಒಂದೆರಡಲ್ಲ, ಹಿಡಿ ತುಂಬ.

"ಏನ್ರಿ ಇದು?"

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಲಿವರ್ ಬಿಟ್ಟಿರಬೇಕ ಬಿಡ" ಎಂದರು.

ಲಿವರ್ ಸಕ್ಕರೆ ಬಿಡುತ್ತದೆ, ಡಾಕ್ಟರು ಹೇಳಿದ್ದಾರೆ, ನಾನೂ ಒಪ್ಪಿದ್ದೇನೆ. ಆದರೆ ದ್ರಾಕ್ಷಿ ಒಣಗಿಸಿ, ಆರಿಸಿ, ಅಂಗಿಯ ಜೇಬಿಗೆ ತುಂಬಿಡುವ ಲಿವರನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ?