ಔಷಧಿ ಡಬ್ಬಿಯೊಳಗಿನ ಕನ್ನಡ

ಬರೆದು ದುಡಿಯುತ್ತೇನೆ ಎಂದು ನಾನು ಯಾವತ್ತೂ ಅಂದುಕೊಂಡವಳಲ್ಲ. ಮದುವೆಯಾಗಿ ಉಗಾರ ಖುರ್ದಕ್ಕೆ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಡೆ ಗುಮಾಸ್ತ. ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ. ಮಾವ ತೀರಿಕೊಂಡ ಮೇಲೆ ಅತ್ತೆ ಕಾಗವಾಡದ ಹತ್ತಿರದ ಹೊಲವನ್ನು ತಮ್ಮನಿಗೆ ಪಾಲಿಗೆ ಕೊಟ್ಟು ಮಗನ ಬಳಿ ಬಂದಿದ್ದರು. ಮೂವತ್ತು ವರ್ಷ ಹೊಲದಲ್ಲಿ ದುಡಿದ ಕೈ. ಮನೆಯಲ್ಲಿ ಮಾಡಲು ಏನೂ ಇಲ್ಲದಿದ್ದರೆ ಹಸನು ಮಾಡಿಟ್ಟ ಜೋಳವನ್ನೇ ಇನ್ನೊಮ್ಮೆ ಮೊರಕ್ಕೆ ಸುರಿದುಕೊಂಡು ಕೂಡುತ್ತಿದ್ದರು.

ನನ್ನ ತವರು ಭೋಜ. ಅಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಏಳನೆಯವರೆಗೆ ಮರಾಠಿ ಸಾಲೆಯಲ್ಲಿ ಕಲಿತೆ. ಮುಂದೆ ಅಪ್ಪ ನನ್ನನ್ನು ಚಿಕ್ಕೋಡಿಯ ಸೋದರತ್ತೆಯ ಮನೆಯಲ್ಲಿಟ್ಟು ಕನ್ನಡ ಹೈಸ್ಕೂಲಿಗೆ ಹಾಕಿದರು. ಮೊದಲ ವರ್ಷ ಒತ್ತಕ್ಷರಗಳಿಗಾಗಿ ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಎರಡೂ ಲಿಪಿಗಳು ಕೈಗೆ ಹತ್ತಿದವು. ಆದರೆ ಕಬ್ಬಿನ ಊರಿನ ಸೊಸೆಗೆ ಅವುಗಳಿಂದ ಏನು ಉಪಯೋಗವೆಂದು ನನಗೂ ತಿಳಿದಿರಲಿಲ್ಲ, ಅಪ್ಪನಿಗೂ ತಿಳಿದಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಅತ್ತೆಯ ತಮ್ಮ, ನಾನು ಕಾಗವಾಡದ ಮಾವ ಎನ್ನುತ್ತಿದ್ದವರು, ಅಲ್ಲಿ ಹೊಸದಾಗಿ ದ್ರಾಕ್ಷಿ ಹಚ್ಚಿದ್ದರು. ಒಂದು ದಿನ ಮಧ್ಯಾಹ್ನ ಬಂದವರೇ ಚೀಲದಿಂದ ಔಷಧಿಯ ಡಬ್ಬಿಯೊಂದನ್ನು ತೆಗೆದು, ಅದರೊಳಗಿನ ಮಡಚಿದ ಚೀಟಿಯನ್ನು ನನ್ನ ಮುಂದೆ ಹಿಡಿದರು.

"ನೀ ಸಾಲಿ ಕಲತಾಕಿ ಅದಿ. ಇದರಾಗ ಏನ್ ಬರದೈತಿ ನೋಡವಾ. ನಾ ಮೂರ ಸಲ ಓದೇನಿ, ನನ್ನ ತಲಿ ಕೆಟ್ಟೈತಿ."

ಓದಿದೆ. 'ಬಳ್ಳಿಗೆ ಕೊಂಬು ಬಂದ ಎಂಟನೆಯ ದಿನ ಇದನ್ನು ಹೊಡೆಯುವುದು' ಎಂದಿತ್ತು.

"ಬಳ್ಳಿಗೇನು ಎಮ್ಮಿಗೆ ಬಂದಂಗ ಕೋಡ ಬರ್ತಾವೇನು?" ಎಂದರು ಮಾವ.

ಇನ್ನೂ ಕೆಳಗೆ 'ಎರಡು ಒಳಗಳ ನಡುವೆ ಹುಲ್ಲು ಇರಬಾರದು' ಎಂದಿತ್ತು. ಕೊನೆಯ ಸಾಲಿನಲ್ಲಿ 'ಉಳಿದ ಔಷಧಿಯನ್ನು ಸಾವಿನಲ್ಲಿ ಇಡತಕ್ಕದ್ದು.' ನಾನು ಬಾಯಿಗೆ ಸೆರಗು ಹಿಡಿದು ನಗತೊಡಗಿದೆ. ಮರಾಠಿ ಬಲ್ಲವರಿಗೆ ಅಲ್ಲಿ ಏನಾಗಿದೆಯೆಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಮರಾಠಿಯಲ್ಲಿ ಕೊಂಬ ಅಂದರೆ ಚಿಗುರು, ಓಳ ಅಂದರೆ ಸಾಲು, ಸಾವಲಿ ಅಂದರೆ ನೆರಳು. ಯಾರೋ ಅರ್ಧಂಬರ್ಧ ಕನ್ನಡದವರು ಬರೆದಿದ್ದನ್ನು ಕನ್ನಡವೇ ಬಾರದ, ಅಚ್ಚಿನ ಮೊಳೆ ಜೋಡಿಸುವವರು ಇನ್ನಷ್ಟು ಕೆಡಿಸಿದ್ದರು. ಮಾವನಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ನಗಲಿಲ್ಲ.

"ನೀ ಇದ್ದಿ, ನನಗ ಹೇಳಿದಿ. ಉಳದಾವ್ರಿಗೆ ಯಾರ ಹೇಳ್ತಾರ? ಇದು ವಿಷ ಐತಿ ತಂಗಿ."

ಆ ಮಾತು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಚೀಟಿಯ ಅಡಿಯಲ್ಲಿ ಸಾಂಗಲಿಯ ಒಂದು ಛಾಪಖಾನೆಯ ವಿಳಾಸವಿತ್ತು. ಗಂಡ ಕೆಲಸದಿಂದ ಬಂದ ಮೇಲೆ, "ಇವ್ರಿಗೊಂದು ಪತ್ರ ಬರಿಲೇನ್ರಿ?" ಎಂದು ಕೇಳಿದೆ. ಅವರು ಚೀಟಿಯನ್ನು ಓದಿ, 'ಸಾವಿನಲ್ಲಿ' ಎಂಬಲ್ಲಿಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬರಿ ಬರಿ. ಏನಂದ್ರ ಏನ್ ಮಾಡ್ತಾರ, ಹಿಡದ ಹೊಡಿತಾರೇನು?" ಎಂದರು. ಮರುದಿನ ಇನ್‌ಲ್ಯಾಂಡ್ ಪತ್ರದ ಮೂರೂ ಬದಿ ತುಂಬ ಮರಾಠಿಯಲ್ಲಿ ತಪ್ಪುಗಳನ್ನೂ ಅವುಗಳಿಗೆ ಸರಿಯಾದ ಕನ್ನಡವನ್ನೂ ಬರೆದು ಅಂಚೆಗೆ ಹಾಕಿದೆ.

ಹದಿನೈದು ದಿನಕ್ಕೆ ಉತ್ತರ ಬಂತು, ದಪ್ಪನೆಯ ಲಕೋಟೆಯಲ್ಲಿ. ಛಾಪಖಾನೆಯ ಮಾಲಕರು ಸ್ವತಃ ಬರೆದಿದ್ದರು. ಅತ್ತೆಗೆ ಓದು ಬಾರದು. ಮರಾಠಿ ಮಾತು ಮಾತ್ರ ನನಗಿಂತ ಚೆನ್ನಾಗಿ ಗೊತ್ತು. ಜೋರಾಗಿ ಓದು ಎಂದರು. 'ತಾಯೀ' ಎಂದು ಶುರುವಾಗಿತ್ತು ಪತ್ರ.

"ಯಾಂವ ಅವ, ನಿನಗ ತಾಯಿ ಅನ್ನಾಂವ?"

"ಮರಾಠ್ಯಾಗ ಅಕ್ಕಗ ತಾಯಿ ಅಂತಾರಲ್ರಿ ಅತ್ತಿ."

"ಅದ ಗೊತ್ತೈತಿ ನನಗ. ಆದ್ರ ಓದಾಕಿ ಕನ್ನಡದಾಕಿ, ಕೇಳಾಕಿನೂ ಕನ್ನಡದಾಕಿ. ನನಗ ತಾಯಿ ಅಂತನ ಕೇಳ್ತೈತಿ." ಅಂದು ತೃಪ್ತಿಯಿಂದ ಮೊರ ಕುಟ್ಟಿದರು.

ಪತ್ರದ ಸಾರಾಂಶ ಇಷ್ಟು: ನೀವು ಹೇಳಿದ್ದೆಲ್ಲ ಸರಿ, ನನಗೆ ನಾಚಿಕೆಯಾಯಿತು. ಕರ್ನಾಟಕದ ಕಡೆ ಹೋಗುವ ಮಾಲಿಗೆ ಕನ್ನಡ ಚೀಟಿ ಬೇಕೆಂದು ಕಂಪನಿಗಳು ಕೇಳುತ್ತವೆ, ಬರೆಯುವವರು ಸಿಗುವುದಿಲ್ಲ. ಮೂರು ಮರಾಠಿ ಚೀಟಿಗಳನ್ನು ಇಟ್ಟಿದ್ದೇನೆ. ಕನ್ನಡ ಮಾಡಿ ಕಳಿಸಿದರೆ ಪುಟದ ಲೆಕ್ಕದಲ್ಲಿ ಮನಿಆರ್ಡರ್ ಮಾಡುತ್ತೇನೆ.

ಆ ಮೂರು ಚೀಟಿಗಳಿಗೆ ನಾನು ಎಂಟು ದಿನ ತೆಗೆದುಕೊಂಡೆ. ಗಂಡ ಕೆಲಸಕ್ಕೆ ಹೋದ ಮೇಲೆ ಟ್ರಂಕಿನ ಮೇಲೆ ಕಾಗದ ಹಾಸಿ ಕೂತು, ಹೈಸ್ಕೂಲಿನಲ್ಲಿ ಕಲಿತ ಕನ್ನಡವನ್ನೆಲ್ಲ ಹೊರಗೆ ತೆಗೆದೆ. 'ಪ್ರಸ್ತುತ ದ್ರಾವಣವನ್ನು ಪರ್ಣಗಳ ಉಭಯ ಪಾರ್ಶ್ವಗಳಿಗೆ ಸಿಂಪಡಿಸತಕ್ಕದ್ದು.' ಬರೆದು ನೋಡಿದಾಗ ಎದೆ ಉಬ್ಬಿತು. ಯಾರಿಗಾದರೂ ಓದಿ ಹೇಳಬೇಕೆನಿಸಿ, ಎದುರಿಗೇ ಇದ್ದ ಅತ್ತೆಗೆ ಓದಿದೆ.

ಅವರು ಜೋಳದಿಂದ ಒಂದು ಹರಳು ಆರಿಸಿ ಆಚೆ ಎಸೆದು, "ಬಸದ್ಯಾಗ ಪಂಡಿತರು ಓದಿದಂಗ ಆತು. ಭಾಳ ಛಂದ ಐತಿ," ಎಂದರು. ಆಮೇಲೆ, "ಔಷಧಿ ಎಲ್ಲಿ ಹೊಡಿ ಅಂತೀ ಅದರಾಗ?"

"ಎಲಿ ಮ್ಯಾಲೂ ಹೊಡಿಬೇಕು, ಎಲಿ ಕೆಳಗೂ ಹೊಡಿಬೇಕ್ರಿ."

"ಹಂಗ ಬರಿ ಮತ್ತ. ಬಾಯಾಗ ಐತಲ್ಲ, ಕೈಯಾಗ ಯಾಕ ಬರವೊಲ್ದು?"

ಅವತ್ತು ಸ್ವಲ್ಪ ಸಿಟ್ಟು ಬಂದದ್ದು ನಿಜ. ರೊಟ್ಟಿ ಬಡಿಯುವಾಗ ಅಗತ್ಯಕ್ಕಿಂತ ಜೋರಾಗಿಯೇ ಬಡಿದೆ. ಆದರೆ ಮಾರನೆಯ ದಿನ ಮತ್ತೆ ಓದಿಕೊಂಡಾಗ, ಕಾಗವಾಡದ ಮಾವ ಪಂಪು ಬೆನ್ನಿಗೆ ಹಾಕಿಕೊಂಡು 'ಉಭಯ ಪಾರ್ಶ್ವ' ಎಂದು ಗೊಣಗುತ್ತ ನಿಂತಂತೆ ಕಂಡಿತು. ಮೂರನ್ನೂ ಹರಿದು ಹೊಸದಾಗಿ ಬರೆದೆ. ಅಲ್ಲಿಂದ ಮುಂದೆ ಇದೇ ರೂಢಿಯಾಯಿತು. ನಾನು ಓದುವುದು, ಅತ್ತೆ ಕೇಳುವುದು. ಏನು ಮಾಡಬೇಕೆಂದು ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳಿದರೆ ಕಾಗದ ಲಕೋಟೆಗೆ ಹೋಗುತ್ತಿತ್ತು. ಹೇಳಲು ಆಗದಿದ್ದರೆ ಟ್ರಂಕಿಗೆ ವಾಪಸು. ನಮ್ಮದು ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಬೇಗ ದೀಪ ಆರಿಸುವ ಜೈನರ ಮನೆ, ಬರೆಯುವುದೆಲ್ಲ ಬೆಳಕಿರುವಾಗಲೇ ಆಗಬೇಕು.

ಮೊದಲ ಮನಿಆರ್ಡರ್ ಬಂದ ದಿನ ಅಂಚೆಯವನು ಫಾರ್ಮಿನ ಮೇಲಿನ ಹೆಸರನ್ನು ಎರಡು ಸಲ ಓದಿದ. "ನಿಮ್ಮ ಹೆಸರಿಗೇ ಬಂದೈತ್ರಿ ವೈನಿ, ಸಾಯಬರ ಹೆಸರಿಗಲ್ಲ," ಎಂದ. ನಾನು ಸಹಿ ಮಾಡಿದೆ. ನನ್ನ ಸಹಿಗೆ ಪ್ರತಿಯಾಗಿ ಹಣ ಕೈಗೆ ಬಂದದ್ದು ಅದೇ ಮೊದಲು. ಗಂಡನ ಮುಂದೆ ಇಟ್ಟರೆ ಮುಟ್ಟಲಿಲ್ಲ. "ಅದ ನಿಂದು. ಮೊದಲ ಒಂದು ಖುರ್ಚಿ ತರೂಣು, ಟ್ರಂಕಿನ ಮುಂದ ಬಗ್ಗಿ ಬಗ್ಗಿ ಗೂನ ಆಗತೈತಿ," ಎಂದರು. ಮುಂದಿನ ವಾರ ಕಬ್ಬಿಣದ ಮಡಚುವ ಖುರ್ಚಿ ಬಂತು. ಅತ್ತೆ ಅದರಲ್ಲಿ ಒಮ್ಮೆ ಕೂತು ನೋಡಿ, ಕಾಲು ನೆಲಕ್ಕೆ ಹತ್ತುವುದಿಲ್ಲವೆಂದು ಎದ್ದುಬಿಟ್ಟರು.

ಒಂದೂವರೆ ವರ್ಷ ಹೀಗೆ ಸುಖವಾಗಿ ನಡೆಯಿತು. ಆಮೇಲೆ ಒಂದು ದಿನ ನಾನು ಕಳಿಸಿದ ಚೀಟಿಯೊಂದು ಮೈತುಂಬ ಕೆಂಪು ಮಸಿ ಹೊತ್ತು ತಿರುಗಿ ಬಂತು. ಔಷಧಿ ಕಂಪನಿಗೆ ಕನ್ನಡ ಓದಿದ ಒಬ್ಬ ಅಧಿಕಾರಿ ಹೊಸದಾಗಿ ಸೇರಿದ್ದರಂತೆ. 'ಹೊಡೆಯಿರಿ' ಇದ್ದಲ್ಲೆಲ್ಲ 'ಸಿಂಪಡಿಸತಕ್ಕದ್ದು' ಆಗಿತ್ತು, ದ್ರಾಕ್ಷಿ ಎಲೆಗೆ ಬರುವ ಬಿಳಿ ರೋಗಕ್ಕೆ ನಮ್ಮ ಕಡೆ ಅನ್ನುವ 'ಭುರಿ' ಎಂಬ ಮಾತನ್ನು ಅಳಿಸಿ 'ಬೂದಿ ರೋಗ' ಎಂದು ಬರೆದಿದ್ದರು. ಕೊನೆಯಲ್ಲಿ ಒಂದು ಷರಾ: ಭಾಷೆ ಗ್ರಾಮ್ಯವಾಗಿದೆ. ಆ ಮಾತು ಮುಳ್ಳಿನ ಹಾಗೆ ನಟ್ಟಿತು. ನನಗೆ ಶಿಷ್ಟ ಕನ್ನಡ ಬರುತ್ತಿತ್ತು, ಬೇಕೆಂದೇ ಬಿಟ್ಟಿದ್ದೆ. ಅದನ್ನು ಯಾರಿಗೆ ಹೇಳುವುದು? ಎರಡು ದಿನ ಉತ್ತರವನ್ನೇ ಬರೆಯಲಿಲ್ಲ. ಮೂರನೆಯ ದಿನ ಮಾಲಕರಿಗೆ, 'ನನ್ನ ಬರಹ ಹಿಡಿಸದಿದ್ದರೆ ಬೇರೆಯವರನ್ನು ನೋಡಿಕೊಳ್ಳಿರಿ' ಎಂದು ಎರಡೇ ಸಾಲು ಗೀಚಿ ಹಾಕಿಬಿಟ್ಟೆ. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದು ಆಗ ಗೊತ್ತಾಯಿತು.

ಪತ್ರಕ್ಕೆ ಉತ್ತರ ಬರಲಿಲ್ಲ, ಮಾಲಕರೇ ಬಂದರು. ಮೀರಜ ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿಯಲ್ಲಿ ಇಳಿದು, ಮನೆ ವಿಚಾರಿಸುತ್ತ ಮಧ್ಯಾಹ್ನದ ಬಿಸಿಲಲ್ಲಿ ಬಾಗಿಲಿಗೆ ಬಂದು ನಿಂತಿದ್ದರು. ಬಿಳಿ ಟೋಪಿ, ಧೋತರ, ಉಗುರುಗಳ ಸಂದಿಯಲ್ಲಿ ಅಳಿಸಲಾಗದ ಕಪ್ಪು ಮಸಿ. ಅವತ್ತು ಗಂಡನಿಗೆ ರಜೆ ಇತ್ತು, ನೀರು ಕೊಟ್ಟು ಕೂಡಿಸಿದರು. ಮುದುಕರು ಮಡಚುವ ಖುರ್ಚಿಯಲ್ಲಿ ಕೂತು ಮರಾಠಿಯಲ್ಲಿ ಹೇಳಿದರು: "ನೋಡು ತಾಯೀ, ನಾನು ಕನ್ನಡ ಛಾಪಿಸುತ್ತೇನೆ, ನನಗೆ ಒಂದಕ್ಷರ ಬರುವುದಿಲ್ಲ. ಕಂಪನಿಯ ಸಾಹೇಬರು ತಮ್ಮದು ಸರಿ ಅನ್ನುತ್ತಾರೆ, ನೀನು ನಿನ್ನದು ಅನ್ನುತ್ತೀ. ಎರಡನ್ನೂ ಓದು. ಕೇಳಿದವರಿಗೆ ಯಾವುದು ತಿಳಿಯುತ್ತದೆ ನೋಡೋಣ."

ಕೇಳುವವರು ಬೇರೆ ಯಾರು? ಅತ್ತೆ ಮೊರದೊಡನೆ ಗೋಡೆಗೆ ಒರಗಿ ಕೂತೇ ಇದ್ದರು. ಮೊದಲು ಕೆಂಪು ಮಸಿಯದನ್ನು ಓದಿದೆ. ಅತ್ತೆ ಜೋಳ ಆರಿಸುತ್ತಲೇ ಇದ್ದರು. ನಡುವೆ ಒಮ್ಮೆ, "ಬೂದಿ ಯಾಕ ಬಂತು? ಒಲ್ಯಾಗಿಂದೇನು?" ಎಂದರು, ಅಷ್ಟೇ. ಆಮೇಲೆ ನನ್ನದನ್ನು ಓದಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವರ ಕೈ ನಿಂತಿತು. ಮುಗಿದ ಮೇಲೆ ಮಾಲಕರ ಕಡೆಗೇ ತಿರುಗಿ, ಹೊಲದ ಮಾತಿನ ಭರದಲ್ಲಿ ಮರಾಠಿ ಮರೆತು ತಮ್ಮ ಕನ್ನಡದಲ್ಲೇ ಕೇಳಿದರು:

"ಹೊಡದ ದಿನಾನ ಮಳಿ ಬಂದ್ರ ಏನ್ ಮಾಡೂದ್ರಿ? ತಿರಗಿ ಹೊಡಿಬೇಕೋ, ಬಿಡಬೇಕೋ? ಅದನ್ನ ಬರದಿಲ್ಲಲ್ಲ."

ನಾನು ಮರಾಠಿಯಲ್ಲಿ ಹೇಳಿದೆ. ಮಾಲಕರು ತಮ್ಮ ಮರಾಠಿ ಚೀಟಿಯನ್ನು ತೆಗೆದು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅದರಲ್ಲೂ ಇರಲಿಲ್ಲ. ಕಿಸೆಯಿಂದ ಪೆನ್ಸಿಲ್ ತೆಗೆದು ಅಂಚಿನಲ್ಲಿ ಆ ಪ್ರಶ್ನೆಯನ್ನು ಬರೆದುಕೊಂಡರು. ಹೋಗುವಾಗ ಅತ್ತೆಗೆ ಕೈಮುಗಿದು, "ನಾನು ನಲವತ್ತು ವರ್ಷದಿಂದ ಛಾಪಿಸುತ್ತಿದ್ದೇನೆ, ಒಂದು ದಿನವೂ ಇದನ್ನು ಯೋಚಿಸಲಿಲ್ಲ," ಎಂದರು. ಅತ್ತೆ ಮರಾಠಿಯಲ್ಲಿ, "ನೀವು ಹೊಲಕ್ಕೆ ಹೋಗಿರಲಿಕ್ಕಿಲ್ಲ," ಎಂದು ಸಮಾಧಾನ ಹೇಳಿ ಒಂದು ಉಂಡೆ ಬೆಲ್ಲ ಕಟ್ಟಿಕೊಟ್ಟರು.

ತಿಂಗಳಾದ ಮೇಲೆ ಹೊಸ ಚೀಟಿ ಬಂತು. ಮರಾಠಿಯಲ್ಲೂ ಕನ್ನಡದಲ್ಲೂ ಮಳೆಯ ಬಗ್ಗೆ ಒಂದು ಸಾಲು ಸೇರಿತ್ತು. 'ಹೊಡೆಯಿರಿ' ಉಳಿದಿತ್ತು. ಅಧಿಕಾರಿಯೂ ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. 'ಬೂದಿ ರೋಗ ಅಂದರೆ ಭುರಿ' ಎಂದು ಎರಡನ್ನೂ ಇಟ್ಟಿದ್ದರು. ಅದು ನನಗೂ ಒಪ್ಪಿಗೆಯೇ ಆಯಿತು. ಬೆಳಗಾವಿಯ ಆಚೆ ಭುರಿ ಎಂದರೆ ಯಾರಿಗೆ ಗೊತ್ತು? ಅಲ್ಲಿಯವರೂ ಓದಬೇಕಲ್ಲ.

ನಂತರದ ವರ್ಷಗಳಲ್ಲಿ ಕೆಲಸ ಔಷಧಿಯನ್ನು ದಾಟಿ ಹೋಯಿತು. ನೀರೆತ್ತುವ ಮೋಟಾರು, ಹೊಲಿಗೆ ಯಂತ್ರ, ಮಕ್ಕಳ ಭೇದಿಗೆ ಕೊಡುವ ಪುಡಿ. ಪ್ರೆಶರ್ ಕುಕ್ಕರಿನ ಪುಸ್ತಕ ಬಂದಾಗ ನಮ್ಮ ಮನೆಯಲ್ಲಿ ಕುಕ್ಕರೇ ಇರಲಿಲ್ಲ. ಮೂರು ಮನೆ ಆಚೆ ಇದ್ದ ಗೆಳತಿಯ ಅಡುಗೆಮನೆಯಲ್ಲಿ ಕಾಗದ ಹಿಡಿದು ನಿಂತು, ಸೀಟಿ ಹೊಡೆಯುವವರೆಗೆ ಕಾದು, ಅವಳು ಒಂದೊಂದಕ್ಕೆ ಏನೇನು ಅನ್ನುತ್ತಾಳೆಂದು ಬರೆದುಕೊಂಡೆ. ಮೋಟಾರಿನ ಪುಸ್ತಕಕ್ಕಾಗಿ ರಾಯಬಾಗದ ಒಬ್ಬ ರಿಪೇರಿಯವರ ಅಂಗಡಿಯ ಮುಂದೆ ಗಂಡನೊಡನೆ ಇಡೀ ಮುಂಜಾನೆ ಕೂತಿದ್ದೇನೆ. ಅವರು ಮೊದಲು ನಾವು ಜಗಳ ತೆಗೆಯಲು ಬಂದ ಗಿರಾಕಿಗಳೆಂದು ತಿಳಿದರು. ವಿಷಯ ಗೊತ್ತಾದ ಮೇಲೆ ಚಹಾ ತರಿಸಿ, ಬಿಚ್ಚಿಟ್ಟ ಮೋಟಾರಿನ ಒಂದೊಂದು ಭಾಗ ಎತ್ತಿ ಹಿಡಿದು, "ಇದಕ್ಕ ನಾವು ಹಿಂಗ ಅಂತೇವ್ರಿ ಅಕ್ಕಾರ, ಬರ್ಕೋರಿ," ಎನ್ನುತ್ತ ಹೋದರು.

ತೊಂಬತ್ತರ ದಶಕದ ನಡುವೆ ಮಾಲಕರಿಗೆ ವಯಸ್ಸಾಗಿ ಮಗ ಕೆಲಸ ನೋಡತೊಡಗಿದ. ಅಚ್ಚಿನ ಮೊಳೆಗಳು ಹೋಗಿ ಕಂಪ್ಯೂಟರು ಬಂದಿತ್ತು. ಮಗ ಒಳ್ಳೆಯವನು. ಒಮ್ಮೆ ನಾನೂ ಗಂಡನೂ ಸಾಂಗಲಿಗೆ ಹೋದಾಗ, ಫ್ಯಾನಿನ ಕೆಳಗೆ ಒಂದು ಮೇಜು ತೋರಿಸಿ, "ಇದು ನಿಮಗೇ. ತಿಂಗಳ ಸಂಬಳ ಕೊಡುತ್ತೇನೆ, ದಿನಾ ಗಾಡಿಗೆ ಬಂದು ಹೋಗಿರಿ," ಎಂದ. ಗಂಡ ನನ್ನ ಮುಖ ನೋಡಿದರು. ನಾನು ಆ ಮೇಜನ್ನು ನೋಡಿದೆ. ಸುತ್ತ ಕಾಗದದ ರಾಶಿ, ಪರದೆಯ ಮುಂದೆ ಕೂತ ಇಬ್ಬರು, ಗೋಡೆಗೆ ಒಂದು ಗಡಿಯಾರ.

"ಇಲ್ಲಿ ಕೂತರೆ ನಾನು ಯಾರನ್ನು ಕೇಳಲಿ?" ಎಂದೆ.

ಅವನಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ. ಆದರೆ ಒಳಗಿನ ಕೋಣೆಯಲ್ಲಿ ಒರಗಿಕೊಂಡಿದ್ದ ಅವನ ಅಪ್ಪ ನಕ್ಕದ್ದು ಕೇಳಿಸಿತು. "ಬಿಡು, ಅವಳು ಬರುವುದಿಲ್ಲ. ಪುಟದ ದರ ಏರಿಸು," ಎಂದು ಅಲ್ಲಿಂದಲೇ ಕೂಗಿದರು. ದರ ಏರಿತು, ನಾನು ಮನಸ್ಸಿನಲ್ಲಿ ಅಂದುಕೊಂಡಷ್ಟು ಅಲ್ಲ, ಆದರೆ ಏರಿತು.

ಬರುವಾಗ ಗಾಡಿಯಲ್ಲಿ ಕಿಟಕಿಯ ಕಡೆ ಸೀಟು ಸಿಕ್ಕಿತು. ಕೃಷ್ಣೆಯ ದಂಡೆಯುದ್ದಕ್ಕೂ ಕಬ್ಬು ಹೂ ಬಿಟ್ಟು ನಿಂತಿತ್ತು. ಗಂಡ ಕೇಳಿದರು, "ಸಂಬಳದ ನೌಕರಿ ಬಿಟ್ಟಿ, ಬ್ಯಾಸರ ಇಲ್ಲೇನು?"

"ಇಲ್ರಿ," ಎಂದೆ. ನಿಜವಾಗಿಯೂ ಇರಲಿಲ್ಲ. ಕೈಚೀಲದಲ್ಲಿ ಮಾಲಕರ ಮಗ ಕೊಟ್ಟ ಹೊಸ ಕಟ್ಟು ಇತ್ತು, ಎಮ್ಮೆಗೆ ಹಾಕುವ ಹಿಂಡಿಯ ಬಗ್ಗೆ ಎಂಟು ಪುಟ. ಶೇಡಬಾಳ ದಾಟುವಷ್ಟರಲ್ಲಿ ಅದನ್ನು ತೆಗೆದು ಓದತೊಡಗಿದೆ. ಎರಡನೆಯ ಪುಟದಲ್ಲಿ ಒಂದು ಮರಾಠಿ ಮಾತು ಸಿಕ್ಕಿತು, ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ. ಎದುರು ಸೀಟಿನಲ್ಲಿ ಹಾಲಿನ ಖಾಲಿ ಕ್ಯಾನುಗಳನ್ನು ಕಾಲಿನ ನಡುವೆ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಸ್ವಲ್ಪ ಮುಂದೆ ಬಗ್ಗಿ ಅವಳನ್ನು ಕೇಳಿದೆ.