ಕೊನೆಯ ಬೆಂಚಿನ ಬಾವಿಯಮ್ಮ

ಬೆಳಗಿನ ಆರು ಗಂಟೆ. ಕಾಲೇಜಿನ ಮೇಲಂತಸ್ತಿನ ಸಭಾಂಗಣದ ಬೀಗ ತೆಗೆಯುವುದಕ್ಕೆ ಒಂದು ಉಪಾಯ ಬೇಕು. ಕೀಲಿಯನ್ನು ಪೂರ್ತಿ ಒಳಗೆ ತೂರಿಸಿ, ಕೂದಲೆಳೆಯಷ್ಟು ಹಿಂದಕ್ಕೆ ಎಳೆದು, ಆಮೇಲೆ ತಿರುಗಿಸಬೇಕು. ಆ ಉಪಾಯ ಬಲ್ಲವರು ಇಡೀ ಕಾಲೇಜಿನಲ್ಲಿ ಒಬ್ಬರೇ. ಐವತ್ತಾರು ವರ್ಷದ ಆ ಹೆಂಗಸು ಒಳಗೆ ಬಂದು ಹದಿನಾಲ್ಕು ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತಾರೆ, ಪೊರಕೆ ಹಿಡಿಯುತ್ತಾರೆ. ವೇದಿಕೆಯಿಂದ ಬಾಗಿಲಿನ ಕಡೆಗೆ ಗುಡಿಸುತ್ತಾರೆಯೇ ಹೊರತು ಬಾಗಿಲಿನಿಂದ ವೇದಿಕೆಯ ಕಡೆಗೆ ಎಂದೂ ಇಲ್ಲ. ಕಾರಣ ಕೇಳಿದರೆ, "ಮಕ್ಕಳು ನಿಂತ್ಕೊಂಡು ಮನಸ್ಸು ಬಿಚ್ಚೋ ಜಾಗ ಅದು. ಅಲ್ಲಿಗೆ ಕಸ ತಳ್ಳಬಾರದು" ಎನ್ನುತ್ತಾರೆ.

ಗುಡಿಸಿ ಮುಗಿಯುವ ಹೊತ್ತಿಗೆ ಮೆಟ್ಟಿಲಿನ ಮೇಲೆ ಮಕ್ಕಳು ಸಾಲುಗಟ್ಟುತ್ತಾರೆ. ಎಲ್ಲರೂ ಕಲಾ ವಿಭಾಗದವರು, ಹದಿನಾರು ಹದಿನೇಳರ ಪ್ರಾಯದವರು. ಶನಿವಾರದ ಮೊದಲ ಗಂಟೆ ಇಲ್ಲಿ 'ಮಾತಿನ ಗಂಟೆ'. ಕಾಗದ ಹಿಡಿಯದೆ, ಐದು ನಿಮಿಷ, ತನ್ನದೇ ಬದುಕಿನ ಒಂದು ಕಥೆಯನ್ನು ಎಲ್ಲರೆದುರು ಹೇಳಬೇಕು. ಭಾಷೆಯ ಮೇಷ್ಟ್ರು ಇಪ್ಪತ್ತಮೂರು ವರ್ಷದ ಹಿಂದೆ ಹಚ್ಚಿಟ್ಟ ಈ ದೀಪ ಇನ್ನೂ ಆರಿಲ್ಲ. ಸದಾ ವಟಗುಟ್ಟುವ ಕಾರಣ 'ರೇಡಿಯೊ' ಎಂದು ಹೆಸರಾದ ಹುಡುಗನೊಬ್ಬ ಇದರ ಮಹಿಮೆಯನ್ನು ತನ್ನದೇ ರೀತಿಯಲ್ಲಿ ವಿವರಿಸುತ್ತಾನೆ: "ಸೈನ್ಸ್‌ನವರಿಗೆ ಲ್ಯಾಬ್ ಇದೆ, ಕಾಮರ್ಸ್‌ನವರಿಗೆ ಲೆಕ್ಕ ಇದೆ. ಆರ್ಟ್ಸ್‌ನವರಿಗೆ ನಮ್ಮನೆ ರಾಮಾಯಣ ಬಿಟ್ರೆ ಇನ್ನೇನಿದೆ?"

ಸಭಾಂಗಣದ ಮೈಕು ಕೆಟ್ಟು ಯಾವುದೋ ಕಾಲವಾಯಿತು. ಮಾತು ಕೊನೆಯ ಬೆಂಚಿಗೆ ಮುಟ್ಟಬೇಕಾದರೆ ಗಂಟಲೇ ಗತಿ. ಮುಟ್ಟಿತೋ ಇಲ್ಲವೋ ಹೇಳುವುದಕ್ಕೆ ಆ ಬೆಂಚಿನಲ್ಲಿ ಒಬ್ಬರು ಕೂರಬೇಕಲ್ಲ? ಮೊದಲ ವರ್ಷವೇ ಮೇಷ್ಟ್ರು ಪೊರಕೆ ಹಿಡಿದು ನಿಂತಿದ್ದ ಈಕೆಯನ್ನು ಕೂರಿಸಿದರು. ಅಂದು ಕೂತವರು ಕೂತೇ ಇದ್ದರು. ಮಡಿಲಲ್ಲಿ ಕೈ ಇದ್ದರೆ ಮಾತು ಮುಟ್ಟುತ್ತಿದೆ ಎಂದರ್ಥ. ಕೈ ಮೇಲೆದ್ದರೆ ಮುಟ್ಟುತ್ತಿಲ್ಲ, ಜೋರಾಗಿ ಹೇಳು ಎಂದರ್ಥ. ಅವರ ಪಾಠವೆಲ್ಲ ಅಷ್ಟೇ.

ಆದರೆ ಮಕ್ಕಳು ಅದಕ್ಕೆ ಇನ್ನೊಂದು ಕಟ್ಟಳೆಯನ್ನು ತಾವೇ ಸೇರಿಸಿಕೊಂಡರು. ವಾರದ ದಿನಗಳ ಬೆಳಿಗ್ಗೆ ಒಬ್ಬೊಬ್ಬರೇ ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ಕಥೆಯನ್ನು ಪೂರ್ತಿ ಹೇಳುತ್ತಾರೆ. ಏನೂ ಮುಚ್ಚಿಡದೆ. ಶನಿವಾರ ಎಲ್ಲರೆದುರು ನಿಲ್ಲುವಾಗ ಅದರಲ್ಲಿ ಎಷ್ಟು ಬೇಕೋ ಅಷ್ಟನ್ನೇ ಉಳಿಸಿಕೊಳ್ಳುತ್ತಾರೆ. ಮಿಕ್ಕಿದ್ದು ಕೊನೆಯ ಬೆಂಚಿನಲ್ಲೇ ಉಳಿಯುತ್ತದೆ. ಅಲ್ಲಿ ಬಿದ್ದದ್ದು ಮತ್ತೆ ಮೇಲೆ ಬಂದದ್ದಿಲ್ಲ. ಅದಕ್ಕೇ ಅವರ ಹೆಸರು 'ಬಾವಿಯಮ್ಮ'. ಹಳೆಯ ವಿದ್ಯಾರ್ಥಿಗಳೇ ಈಗ ಹೇಳಿಕೊಳ್ಳುವಂತೆ, ಕುಡಿದು ಬಂದು ಪುಸ್ತಕ ಹರಿದ ಅಪ್ಪ, ಪರೀಕ್ಷೆಯ ಹಿಂದಿನ ದಿನ ಮನೆ ಬಿಟ್ಟುಹೋದ ಅಮ್ಮ, ಹೇಳಿಕೊಳ್ಳಲಾಗದ ಪ್ರೀತಿ, ಕದ್ದ ವಾಚು. ಹೀಗೆ ಎಷ್ಟು ಕಥೆ ಕೇಳಿರಬಹುದು ಎಂದರೆ, ವರ್ಷಕ್ಕೆ ನಲವತ್ತು ಎಂದು ಹಿಡಿದರೂ ಒಂಬೈನೂರು ದಾಟುತ್ತದೆ. ಒಂದನ್ನೂ ಅವರು ಹೊರಗೆ ಆಡಿಲ್ಲ. ಮೇಷ್ಟ್ರು ಕೆದಕಿ ಕೇಳಿದಾಗಲೂ, "ಕಸ ಆದ್ರೆ ಹೊರಗೆ ಹಾಕ್ತಿದ್ದೆ ಸಾರ್. ಅದು ಕಸ ಅಲ್ಲವಲ್ಲ" ಎಂದು ಪೊರಕೆ ಎತ್ತಿಕೊಂಡು ನಡೆದರಂತೆ.

ಕಾಲೇಜಿಗೆ ಬರುವ ಮೊದಲು ಅವರು ಹನ್ನೊಂದು ವರ್ಷ ನೂಲಿನ ಗಿರಣಿಯಲ್ಲಿ ದುಡಿದವರು. ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದ ಗಂಡ ಎದೆನೋವೆಂದು ಒಂದು ಮಧ್ಯಾಹ್ನ ಕೂತವರು ಏಳಲಿಲ್ಲ. ಕಂಕುಳಲ್ಲಿ ಆರು ತಿಂಗಳ ಮಗಳು. ಗಿರಣಿಯ ಸದ್ದಿನಲ್ಲಿ ಪಕ್ಕದವಳು ಕಿರುಚಿದರೂ ಕೇಳುವುದಿಲ್ಲ. ಅಲ್ಲಿನ ಹೆಂಗಸರು ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು, ಕೈ ಎತ್ತಿ 'ಇನ್ನೊಂದು ಸಲ ಹೇಳು' ಎನ್ನುತ್ತಿದ್ದರು. ತುಟಿ ಓದುವ ವಿದ್ಯೆಯೊಂದಿಗೆ ಗಿರಣಿ ಇನ್ನೊಂದನ್ನೂ ಅವರ ಕೈಗೆ ಕೊಟ್ಟು ಕಳಿಸಿತ್ತು. ಅದು ತಿಳಿಯಲು ವರ್ಷಗಳು ಬೇಕಾದವು. ಕಿವಿ ಒಂದೊಂದೇ ಸದ್ದನ್ನು ಕಳೆದುಕೊಳ್ಳುತ್ತ ಬಂತು. ಮೊದಲು ಗಡಿಯಾರದ್ದು, ಆಮೇಲೆ ಹಕ್ಕಿಗಳದ್ದು, ಆಮೇಲೆ ಮನುಷ್ಯರದ್ದು.

ಯಾರಿಗೂ ಗೊತ್ತಾಗಲಿಲ್ಲ. ಎದುರು ನಿಂತು ಮಾತಾಡಿದರೆ ಅವರಿಗೆ ಎಲ್ಲ ತಿಳಿಯುತ್ತದೆ, ಅಷ್ಟು ದೂರದ ವೇದಿಕೆಯ ಮೇಲಿನ ತುಟಿಯೂ ತಿಳಿಯುತ್ತದೆ. ಎರಡು ಬೀದಿ ಆಚೆ ಇರುವ ಮಗಳು ಮಾತ್ರ ಆಗಾಗ ಕುಟುಕುತ್ತಿದ್ದಳು: "ನಮ್ಮಮ್ಮಂಗೆ ಕಾಲೇಜ್ ಮಕ್ಕಳ ಮಾತಾದ್ರೆ ಕೇಳ್ಸುತ್ತೆ. ಹೊಟ್ಟೆಯಲ್ಲಿ ಹುಟ್ಟಿದವಳು ಹಿಂದೆ ನಿಂತು ಕೂಗಿದ್ರೆ ಕೇಳ್ಸಲ್ಲ." ತಮಾಷೆಗೆ ಆಡಿದ ಮಾತು. ಎದೆಗೆ ನಾಟಿದರೂ ಬಾವಿಯಮ್ಮ ನಕ್ಕುಬಿಡುತ್ತಿದ್ದರು. ಆಗಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಅವರು ಹೇಳುವುದು ಇಷ್ಟು: "ಕೆಲಸ ಹೋಗುತ್ತೆ ಅಂತ ಭಯ ಇರ್ಲಿಲ್ಲ. ಕಿವುಡಿಗೂ ಪೊರಕೆ ಕೊಡ್ತಾರೆ. ಆ ಬೆಂಚು ಹೋಗುತ್ತೆ ಅಂತ ಭಯ."

ಆರು ತಿಂಗಳ ಹಿಂದಿನ ಒಂದು ಶುಕ್ರವಾರ. ಮೊದಲ ವರ್ಷದ ಸಣಕಲು ಹುಡುಗಿಯೊಬ್ಬಳು, ಗೆಳತಿಯರ ಬಾಯಲ್ಲಿ 'ಗುಬ್ಬಿ', ಒಳಗೆ ಬಂದಳು. ಮರುದಿನ ಅವಳ ಸರದಿ. ಎಲ್ಲರೆದುರು ಹೇಳಲು ಅವಳು ಗೊತ್ತುಮಾಡಿಕೊಂಡಿದ್ದು ತನ್ನ ಪುಟ್ಟ ತಮ್ಮನ ತೊದಲು ಮಾತುಗಳನ್ನು, ಅವನನ್ನು ಮಲಗಿಸಲು ಅಜ್ಜಿ ಕಟ್ಟಿ ಹಾಡುತ್ತಿದ್ದ ಸುಳ್ಳುಪಳ್ಳು ಪದಗಳನ್ನು. ಬೆಳಿಗ್ಗೆ ಮಾತ್ರ, ಕಟ್ಟಳೆಯಂತೆ, ಪೂರ್ತಿ ಹೇಳಬೇಕು.

ಹೇಳತೊಡಗಿದಳು. ಅವರ ಮನೆ ದೊಡ್ಡ ರಸ್ತೆಗೆ ಮುಖ ಮಾಡಿದೆ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ತೆರೆದ ಬಾಗಿಲಿನಿಂದ ತಮ್ಮ ರಸ್ತೆಗೆ ಇಳಿದ. ಲಾರಿಯವನು ಬ್ರೇಕು ಒತ್ತುವಷ್ಟರಲ್ಲಿ ಮುಗಿದಿತ್ತು. ಬಾಗಿಲ ಪಕ್ಕದಲ್ಲಿ ತೂಕಡಿಸುತ್ತಿದ್ದವರು ಅಜ್ಜಿ. ಚಿಲಕ ಹಾಕಲು ಮರೆತದ್ದು ಅಜ್ಜಿಯೇ ಎಂದು ಮನೆ ಅಂದುಕೊಂಡಿತು, ಬೀದಿ ಅಂದುಕೊಂಡಿತು. ಅಜ್ಜಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಎರಡು ವರ್ಷ ಆ ಭಾರ ಹೊತ್ತು, ಹೊತ್ತುಕೊಂಡೇ ಹೋದರು.

ಇಲ್ಲಿಗೆ ಬರುವ ಹೊತ್ತಿಗೆ ಹುಡುಗಿಯ ತಲೆ ತಗ್ಗಿತು. ತಲೆ ತಗ್ಗಿದ್ದೇ ತಡ, ತುಟಿ ಮರೆಯಾಯಿತು. ಕೊನೆಯ ಬೆಂಚಿನಲ್ಲಿ ಕೈ ಮೇಲೆದ್ದಿತು.

ಅವಳು ಅದೇ ಮಾತನ್ನು ಸ್ವಲ್ಪ ಗಟ್ಟಿಯಾಗಿ ಹೇಳಿದಳು, ತಲೆ ಇನ್ನಷ್ಟು ತಗ್ಗಿಸಿ. ಕೈ ಇಳಿಯಲಿಲ್ಲ. ಮೂರನೆಯ ಸಲ ಅವಳು ಮುಖವೆತ್ತಿ, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದಳು: "ಚಿಲಕ ಹಾಕದೆ ಬಿಟ್ಟವಳು ನಾನು. ಅಜ್ಜಿ ಅಲ್ಲ."

ಆಗ ತುಟಿ ಕಂಡಿತು. ಬಾವಿಯಮ್ಮನ ಕೈ ಮಡಿಲಿಗೆ ಇಳಿಯಿತು. ಮಾತು ಮುಟ್ಟಿತು ಎನ್ನಲು ಅವರ ಬಳಿ ಇದ್ದ ಗುರುತು ಅದೊಂದೇ.

ಆದರೆ ಮಾತು ಕೊನೆಯ ಬೆಂಚನ್ನಷ್ಟೇ ಮುಟ್ಟಿ ನಿಲ್ಲಲಿಲ್ಲ. ಹದಿನಾಲ್ಕು ಕಿಟಕಿಗಳೂ ತೆರೆದಿದ್ದವು, ಮೆಟ್ಟಿಲಿನ ಮೇಲೆ ಆರೇಳು ಮಕ್ಕಳು ಸರದಿ ಕಾಯುತ್ತಿದ್ದರು. ಅವರಲ್ಲೊಬ್ಬಳು ಗುಬ್ಬಿಯ ಬೀದಿಯವಳೇ. ಕೆಟ್ಟ ಬುದ್ಧಿಯಿಂದಲ್ಲ, ಸಂಕಟ ತಾಳಲಾರದೆ ತನ್ನ ತಾಯಿಯ ಮುಂದೆ ಅತ್ತಳು. ಆ ತಾಯಿ ಅಕ್ಕಪಕ್ಕದವರ ಮುಂದೆ ನಿಟ್ಟುಸಿರಿಟ್ಟರು. ಆಡಿದ ಮಾತಿಗೆ ಕಾಲು ಬೇಕಾಗಿಲ್ಲ ನೋಡಿ. ಸಂಜೆ ಹುಡುಗಿ ಮನೆ ತಲುಪುವ ಮೊದಲೇ ಅದು ತಲುಪಿ ಕೂತಿತ್ತು. ಶನಿವಾರ ಅವಳು ಬರಲಿಲ್ಲ. ಸೋಮವಾರವೂ ಇಲ್ಲ.

ಎಂಟನೆಯ ದಿನ ಬಾವಿಯಮ್ಮ ಆ ಮನೆಗೆ ಹೋದರು. ಗುಬ್ಬಿಯ ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುವವರು. ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ, ಕೂರಿ ಎನ್ನಲಿಲ್ಲ. ನಿಂತುಕೊಂಡೇ ಬಾವಿಯಮ್ಮ ಇಪ್ಪತ್ತು ವರ್ಷ ಬಚ್ಚಿಟ್ಟದ್ದನ್ನು ಬಾಯಿಬಿಟ್ಟು ಹೇಳಿದರು: ನನ್ನ ಕಿವಿ ಹೋಗಿದೆ, ಮಗು ಮೆಲ್ಲಗೇ ಹೇಳಿತ್ತು, ಕೂಗಿಸಿದ್ದು ನಾನು, ತಪ್ಪು ನನ್ನದು, ಅವಳನ್ನು ಕಾಲೇಜು ಬಿಡಿಸಬೇಡಿ. ಯಂತ್ರ ನಿಂತಿತು. ತಾಯಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನ್ನುತ್ತಾರೆ ಬಾವಿಯಮ್ಮ. ಆ ತಾಯಿ ಅವರ ಮುಖಕ್ಕೆ ಮುಖ ಕೊಟ್ಟು, ಮಾತು ಸರಿಯಾಗಿ ಮುಟ್ಟಲೆಂದು ಒಂದೊಂದೇ ಪದವಾಗಿ ಹೇಳಿದರು:

"ಎರಡು ವರ್ಷ ಅತ್ತೆಗೆ ಹೊತ್ತುಹೊತ್ತಿಗೆ ಊಟ ಇಟ್ಟಿದೀನಿ. ಒಂದು ದಿನ ಮಾತಾಡಿಸ್ಲಿಲ್ಲ. ನೀರು ಬೇಕಾ ಅಂತಾನೂ ಕೇಳ್ಲಿಲ್ಲ. ಈಗ ಎಲ್ಲಿಗೆ ಹೋಗಿ ಮಾತಾಡಿಸ್ಲಿ, ಹೇಳಿ."

ಬಾವಿಯಮ್ಮ ಹೊಸ್ತಿಲ ಬಳಿ ಕೂತರು, ಆ ತಾಯಿಯೂ ಬಂದು ಪಕ್ಕದಲ್ಲಿ ಕೂತರು.

ಮರುದಿನ ಮೇಷ್ಟ್ರಿಗೂ ವಿಷಯ ಹೇಳಿ, ನನ್ನನ್ನು ಬೆಂಚಿನಿಂದ ಎಬ್ಬಿಸಿಬಿಡಿ ಎಂದು ಕೇಳಿಕೊಂಡರು. ಮೇಷ್ಟ್ರು ತಮ್ಮ ಕುರ್ಚಿಯನ್ನು ಎಳೆದು ಅವರಿಗೆ ಎದುರಾಗಿ ಹಾಕಿಕೊಂಡರು, ತುಟಿ ಕಾಣುವ ಹಾಗೆ. ಬೆಂಚಿನ ಮಾತು ಆಮೇಲೆ, ಮೊದಲು ಆಸ್ಪತ್ರೆಗೆ ಹೋಗೋಣ ಎಂದರು. ಆಸ್ಪತ್ರೆಯವರು ಎಡಗಿವಿಗೊಂದು ಯಂತ್ರ ಕೊಟ್ಟಿದ್ದಾರೆ. ಅದರಲ್ಲಿ ಮಕ್ಕಳಿಗಿಂತ ಫ್ಯಾನೇ ಚೆನ್ನಾಗಿ ಕೇಳಿಸುತ್ತದಂತೆ. "ಅದರ ಕಥೆ ಮಾತ್ರ ಐದು ನಿಮಿಷಕ್ಕೆ ಮುಗಿಯಲ್ಲ" ಎಂದು ನಗುತ್ತಾರೆ. ಕಣ್ಣು ಮಾತ್ರ ನಗುವುದಿಲ್ಲ. ವಿಷಯ ತಿಳಿದು ಮಗಳು ಬಂದು, ತಾನು ಆಡಿದ ತಮಾಷೆಗಳನ್ನೆಲ್ಲ ನೆನೆದು ಅವರ ಕೈ ಹಿಡಿದುಕೊಂಡು ಅತ್ತಳಂತೆ. ಈಗ ಬೆನ್ನ ಹಿಂದಿನಿಂದ ಕರೆಯುವುದಿಲ್ಲ. ಸುತ್ತಿ ಬಳಸಿ ಮುಂದೆ ಬಂದು ನಿಂತೇ "ಅಮ್ಮಾ" ಎನ್ನುತ್ತಾಳೆ.

ಶನಿವಾರ ಕೊನೆಯ ಬೆಂಚಿನಲ್ಲಿ ಈಗ ಮಕ್ಕಳೇ ಸರದಿಯಂತೆ ಕೂತು ಕೈ ಎತ್ತುತ್ತಾರೆ. ವಾರದ ಬೆಳಗುಗಳಲ್ಲಿ ಮಾತ್ರ ಜಾಗ ಬಾವಿಯಮ್ಮನದೇ. ಅವರಿಗೆ ಕೇಳಿಸದು ಎಂದು ಗೊತ್ತಿದ್ದೂ ಮಕ್ಕಳು ಬರುತ್ತಾರೆ. ಕಿಟಕಿ ಮುಚ್ಚಿಕೊಂಡು, ಕೆಲವರು ಗೋಡೆಗೆ ಮುಖ ಮಾಡಿ, ಹೇಳಬೇಕಾದ್ದನ್ನು ಹೇಳಿ ಹೋಗುತ್ತಾರೆ. ಬಾವಿಯಮ್ಮನ ಕೈ ಮಡಿಲಲ್ಲೇ ಇರುತ್ತದೆ. ದೇವರ ಮುಂದೆ ಕಣ್ಣುಮುಚ್ಚಿ ಹೇಳಿಕೊಳ್ಳುವವರು, ನಿನಗೆ ಕೇಳಿಸಿತೇ ಎಂದು ಕೇಳಿ ನೋಡುತ್ತಾರೆಯೇ? ಇದ್ದಾನೆ ಎಂಬುದಷ್ಟೇ ಸಾಕು.

ಗುಬ್ಬಿ ಎರಡು ತಿಂಗಳ ಮೇಲೆ ಕಾಲೇಜಿಗೆ ಮರಳಿದಳು. ತಾಯಿಯೇ ಗೇಟಿನವರೆಗೆ ಬಂದು ಬಿಟ್ಟುಹೋದರು. ಮನೆಯಲ್ಲಿ ತಾಯಿ ಮಗಳ ನಡುವೆ ಮಾತಿದೆ, ಅಳೆದು ಸುರಿದಷ್ಟು. ಅವಳ ಮೇಲೆ ತಾಯಿಗೆ ಸಿಟ್ಟಿಲ್ಲ. ಆದರೆ ಸಿಟ್ಟು ಹೋದ ಜಾಗಕ್ಕೆ ಏನು ಬರಬೇಕೋ ಅದಿನ್ನೂ ಬಂದಿಲ್ಲ. ದಿನಾ ಬೆಳಿಗ್ಗೆ ಆರೂವರೆಗೆ ಹುಡುಗಿ ಮೆಟ್ಟಿಲು ಹತ್ತಿ ಬರುತ್ತಾಳೆ. ವೇದಿಕೆಯ ಕಡೆ ಹೋಗುವುದಿಲ್ಲ. ಬಾವಿಯಮ್ಮನ ಪಕ್ಕ ಕೂತು, ಸರದಿಯ ಮಕ್ಕಳು ಬರುವವರೆಗೆ ಇದ್ದು, ಎದ್ದು ಹೋಗುತ್ತಾಳೆ. ಆ ಶುಕ್ರವಾರದ ನಂತರ ಸಭಾಂಗಣದೊಳಗೆ ಅವಳು ಒಂದು ಮಾತೂ ಆಡಿಲ್ಲ.

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಮೊದಲು ಆ ಮನೆಯಲ್ಲೇ ಕೇಳಲಾಯಿತು. ಗುಬ್ಬಿ ತಾಯಿಯ ಮುಖ ನೋಡಿದಳು. ತಾಯಿ ಸೂಜಿಗೆ ದಾರ ಪೋಣಿಸುವುದನ್ನು ಮುಗಿಸಿ, "ಬರೀರಿ" ಎಂದರು. "ನಮ್ಮತ್ತೆ ಬಾಗಿಲು ತೆಗೆದಿಟ್ಟಿರ್ಲಿಲ್ಲ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ."

ಬಾವಿಯಮ್ಮನ ಸೇವೆ ಇನ್ನು ಮೂರೂವರೆ ವರ್ಷ. ಗುಬ್ಬಿಯ ಓದು ಇಲ್ಲಿ ಮುಗಿಯುವುದು ಬರುವ ವರ್ಷ. ನಿಮಗೇನು ಆಸೆ ಎಂದು ಕೇಳಿದರೆ ಅವರು ಖಾಲಿ ವೇದಿಕೆಯ ಕಡೆ ಕೈ ತೋರುತ್ತಾರೆ.

"ಹೋಗೋದ್ರೊಳಗೆ ಆ ಮಗು ಒಂದು ಸಲ ಅಲ್ಲಿ ನಿಂತು ಮಾತಾಡ್ಲಿ. ಅವಳ ತಮ್ಮನ ಬಗ್ಗೆ, ಅಜ್ಜಿ ಬಗ್ಗೆ, ಏನಾದ್ರೂ. ಎಷ್ಟು ಮೆಲ್ಲಗಾದ್ರೂ ಸರಿ. ನಂಗೆ ಕೇಳಿಸ್ಬೇಕು ಅಂತೇನಿಲ್ಲ."