ಕೆಂಪು ಬಟ್ಟೆಯ ಗಂಟು

ನಾತಾಳದ, ಅಂದರೆ ಕ್ರಿಸ್‌ಮಸ್ಸಿನ ಸೂಟಿ ಮುಗಿದು ಮಗಳ ಶಾಲೆ ಮತ್ತೆ ಶುರುವಾಗುವ ದಿನ, ಹುಕ್ಕೇರಿಯ ಈ ಮನೆಯ ಕಿಟಕಿ ತೆರೆದರೆ ಸಾಕು, ಮಂಜಿನ ಜೊತೆ ಕಬ್ಬಿನ ವಾಸನೆ ಒಳಗೆ ಬರುತ್ತದೆ. ರಸ್ತೆಗೆ ಬಿದ್ದು ಗಾಲಿಗಳಡಿ ಜಜ್ಜಿಹೋದ ಕಬ್ಬಿನದು. ಸಿಹಿಯೂ ಹೌದು, ಹುಳಿಯೂ ಹೌದು, ಹಿಂದೆಯೇ ಡೀಸೆಲ್ಲಿನ ಹೊಗೆ. ಉಳಿದವರಿಗೆ ಅದು ಸುಗ್ಗಿಯ ವಾಸನೆ. ನಾನು ಕಿಟಕಿ ಮುಚ್ಚಿಬಿಡುತ್ತೇನೆ. ಮಗಳು ಬಾಚಣಿಕೆ ಹಿಡಿದು ಮುಂದೆ ಕೂತು, "ಅವ್ವಾ, ಲಗೂನ ರಿಬ್ಬನ್ ಕಟ್ಟ" ಎನ್ನುತ್ತಾಳೆ. ನಾನು ಗಂಟು ಹಾಕಿ, ಎಳೆದು ನೋಡಿ, ಮತ್ತೊಮ್ಮೆ ಬಿಗಿಯುತ್ತೇನೆ.

ಕುಲಗೋಡದ ನಮ್ಮ ಮನೆ ಈಗಿಲ್ಲ. ಮಣ್ಣಿನ ಗೋಡೆಯ ಆ ಮನೆಯಲ್ಲಿ ಅಪ್ಪ, ಅವ್ವ, ನಾನು, ಅಪ್ಪನ ತಾಯಿಯಾದ ಆಯಿ ಇದ್ದೆವು. ಬಾಜೂದಲ್ಲೇ ದಸ್ತಗೀರ ಕಾಕಾನ ಮನೆ. ಕಾಕಾ ಬೈಕಿನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಗೋಕಾಕಕ್ಕೆ ಹಾಲು ಒಯ್ಯುತ್ತಿದ್ದ. ಹೊರಡುವ ಮೊದಲು ನಡುಗೋಡೆಯ ಮೇಲೆ ನನಗೆಂದು ಒಂದು ಲೋಟ ಹಾಲು ಇಟ್ಟು ಹೋಗುತ್ತಿದ್ದ, ಅದಕ್ಕೆ ಲೆಕ್ಕವಿರಲಿಲ್ಲ. ಅಪ್ಪ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಜೋಡಿಸಿ ಕಬ್ಬು ಹೇರುತ್ತಿದ್ದ. ಹೇರಿದ ಕಬ್ಬು ಹಿಂದಕ್ಕೆ ಮಾರುದ್ದ ಚಾಚಿರುತ್ತಿತ್ತು. ಹಿಂದೆ ಬರುವವರಿಗೆ ಕಾಣಲೆಂದು ಕಬ್ಬು ಬಿಗಿದ ಹಗ್ಗಕ್ಕೆ ಕೆಂಪು ಬಟ್ಟೆ ಕಟ್ಟುವುದು ಆಯಿಯ ಕೆಲಸ. ಬೇರೆಯವರು ಹರಕು ಚೀಲ ಸಿಕ್ಕಿಸಿದರೆ, ನಮ್ಮ ಆಯಿ ಸಂತೆಯಿಂದ ಹೊಳೆಯುವ ಸ್ಯಾಟಿನ್ ತಂದು, ನಡುವೆ ಗಂಟು ಹಾಕಿ, ಎರಡೂ ತುದಿ ಉದ್ದಕ್ಕೆ ಇಳಿಬಿಡುತ್ತಿದ್ದಳು. ಆಕೆಯ ಗಂಟು ಬಿಚ್ಚಲು ಅಪ್ಪನಿಗೂ ಆಗುತ್ತಿರಲಿಲ್ಲ.

ನಾನಾಗ ಆರನೆಯ ತರಗತಿ. ಸೂಟಿಯ ಹತ್ತು ದಿನ ಹೊಲದಲ್ಲೇ ಕಳೆದಿದ್ದೆ. ಶಾಲೆಯ ಕೆಂಪು ರಿಬ್ಬನ್ನುಗಳನ್ನು ಕರುವಿನ ಕೊರಳಿಗೆ ಕಟ್ಟಿ ಮೆರೆಸಿ, ಎಲ್ಲೋ ಕಳೆದುಬಿಟ್ಟಿದ್ದೆ. ಅದು ನೆನಪಾದದ್ದು ಶಾಲೆಯ ಹಿಂದಿನ ದಿನ ಸಂಜೆ. ರಿಬ್ಬನ್ ಇಲ್ಲದಿದ್ದರೆ ಗೋಕಾಕದ ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಮುಗಿಯುವ ತನಕ ಎಲ್ಲರೆದುರು ನಿಲ್ಲಿಸುತ್ತಿದ್ದರು. ಹೇಳಿದರೆ ಅವ್ವ ಬಯ್ಯುತ್ತಾಳೆ. ದಸ್ತಗೀರ ಕಾಕಾ ಗೋಡೆಯಾಚೆ ಕ್ಯಾನು ತಿಕ್ಕುತ್ತ ಕೇಳಿದ: "ಏನ್ ತಂಗೆವಾ, ನಾಳಿಂದ ಸಾಲಿ ಚಾಲೂ? ನಂದೂ ಚಾಲೂ ನೋಡು. ಹಾಸ್ಟೆಲಿನ ಹುಡುಗೂರು ಬರ್ತಾರ, ಹೊತ್ತ ಮೂಡೂದ್ರಾಗ ಹಾಲ ಮುಟ್ಟಸಬೇಕು." ನಾನು ಹೂಂ ಅಂದೆ. ನನ್ನ ಕಣ್ಣು ಅಂಗಳದಲ್ಲಿ ಕಬ್ಬು ಹೇರಿ ನಿಲ್ಲಿಸಿದ್ದ ಟ್ರೇಲರಿನ ಮೇಲಿತ್ತು. ಕೆಂಪು ಬಟ್ಟೆಯ ಎರಡು ತುದಿ ಗಾಳಿಗೆ ಆಡುತ್ತಿದ್ದವು. ನನಗೆ ಜಡೆಯೂ ಎರಡೇ. ಗಂಟು ಬಿಚ್ಚಲು ಆಗದೆ ಅವ್ವನ ಕತ್ತರಿ ತಂದು ಎರಡೂ ಕತ್ತರಿಸಿಕೊಂಡೆ. ಗಂಟು ಹಗ್ಗದಲ್ಲೇ ಉಳಿಯಿತು.

ಅಪ್ಪ ಹೊರಡುವಾಗ ಆಯಿ ಹೊರಗೆ ಬಂದು ಬಟ್ಟೆಯನ್ನೊಮ್ಮೆ ಮುಟ್ಟಿ ನೋಡುವುದು ರೂಢಿ. ಆ ಮುಂಜಾನೆ ಬರಲಿಲ್ಲ. ನನ್ನ ಶಾಲೆಯೆಂದು, ಚಳಿಯಲ್ಲಿ ನನಗೆ ಸ್ನಾನಕ್ಕೆ ನೀರು ಕಾಯಿಸುತ್ತ ಒಲೆ ಮುಂದೆ ಕೂತಿದ್ದಳು. ಟ್ರ್ಯಾಕ್ಟರು ಹೋದ ಸದ್ದು ಕೇಳಿತು. ತುಸು ಹೊತ್ತಿಗೆ ಕಾಕಾನ ಬೈಕು. ಗೋಡೆಯ ಮೇಲಿನ ಹಾಲು ಇನ್ನೂ ಬೆಚ್ಚಗಿತ್ತು. "ಗೆಳತಿ ಕೊಟ್ಟಾಳ" ಎಂದು ಸುಳ್ಳು ಹೇಳಿ ಅವ್ವನಿಂದ ಆ ರಿಬ್ಬನ್ ಕಟ್ಟಿಸಿಕೊಂಡೆ. ಶಾಲೆಯಲ್ಲಿ ಟೀಚರ್ ನನ್ನ ಜಡೆ ಮುಟ್ಟಿ ಛಂದ ಅದಾವು ಎಂದರು. ಆ ದಿನ ನನ್ನಷ್ಟು ಖುಷಿಯಾಗಿ ಯಾರೂ ಕೂತಿರಲಿಲ್ಲ.

ಸಂಜೆ ಬಸ್ಸಿಳಿದಾಗ ಕಾಕಾನ ಮನೆಯ ಮುಂದೆ ಜನ. ಮಂಜಿನಲ್ಲಿ ಅಪ್ಪನ ಟ್ರೇಲರಿನ ಹಿಂಬದಿಗೇ ಕಾಕಾನ ಬೈಕು ಹೊಡೆದಿತ್ತು. ಹಾಲೆಲ್ಲ ರಸ್ತೆಯ ಮೇಲೆ ಹರಿದಿತ್ತಂತೆ. ಕಾಕಾ ದವಾಖಾನೆ ಮುಟ್ಟಲೇ ಇಲ್ಲ. ನಾನು ಹಿತ್ತಿಲಿಗೆ ಓಡಿ ಜಡೆ ಬಿಚ್ಚಿ ರಿಬ್ಬನ್ನುಗಳನ್ನು ಹುಲ್ಲಿನ ಬಣವೆಯೊಳಗೆ ತುರುಕಿದೆ. ಪೊಲೀಸ್ ಠಾಣೆಯಿಂದ ಬಂದ ಅಪ್ಪ ಒಂದೇ ಮಾತು ಕೇಳುತ್ತಿದ್ದ: "ಬಟ್ಟಿ ಎಲ್ಲಿ ಹೋತು?"

ಎರಡು ದಿನಕ್ಕೆ ಟ್ರೇಲರ್ ಮನೆಗೆ ಬಂತು. ಆಯಿ ಅದರೊಳಗೆ ಬಿದ್ದಿದ್ದ ಹಗ್ಗವನ್ನು ಗೇಣು ಗೇಣಾಗಿ ಎಳೆದು ನೋಡಿದಳು. ಗಂಟು ಸಿಕ್ಕಿತು. ಕತ್ತರಿ ಆಡಿದ ಅಂಚಿನ ಮೇಲೆ ಬೆರಳಾಡಿಸಿ, ತಲೆಯೆತ್ತಿ ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. ಕುಡುಗೋಲಿನಿಂದ ಗಂಟನ್ನು ಕೊಯ್ದು ನೀರೊಲೆಗೆ ಹಾಕಿ, ಉರಿದು ಮುಗಿಯುವ ತನಕ ಅಲ್ಲೇ ನಿಂತಳು. ಆಮೇಲೆ ಕಾಕಾನ ಮನೆಗೆ ಹೋಗಿ, ಅವನ ಹೆಂಡತಿಯ ಎದುರು, ಅಪ್ಪನ ಎದುರು, ಕೂಡಿದ ಓಣಿಯ ಎದುರು ಕೈಮುಗಿದಳು: "ಗಂಟ ನಾನ ಸಡ್ಲ ಹಾಕಿದ್ದೆ. ಬಿಚ್ಚಿ ಬಿದ್ದೈತಿ. ತಪ್ಪ ನಂದ."

ಅಪ್ಪ ಟ್ರ್ಯಾಕ್ಟರು ಮಾರಿದ. ಆಯಿಯೊಂದಿಗೆ ಮಾತು ಬಿಟ್ಟ. ನಡುಗೋಡೆಯ ಮೇಲೆ ಮತ್ತೆ ಯಾರೂ ಲೋಟ ಇಡಲಿಲ್ಲ. ನಾನು ಬಾಯಿ ಬಿಡಲಿಲ್ಲ; ಆಯಿ ತೀರಿಕೊಂಡ ದಿನವೂ ಬಿಡಲಿಲ್ಲ. ಇದಕ್ಕಿಂತ ದೊಡ್ಡ ನಾಚಿಕೆ ನನ್ನ ಬದುಕಿನಲ್ಲಿಲ್ಲ. ಒಲೆ ಉರಿದ ಮರುದಿನ ಬೆಳಿಗ್ಗೆ ಆಕೆ ಅಂಗಡಿಯಿಂದ ತಂದ ಹೊಸ ರಿಬ್ಬನ್ ಹಿಡಿದು ನನ್ನ ಹಿಂದೆ ಕೂತಳು. "ಇವತ್ತಿಂದ ಜಡಿ ನಾ ಹಾಕತೇನಿ. ನಡಿ, ಸಾಲಿಗೆ ತಡಾ ಆಗತೈತಿ." ಹತ್ತನೆಯ ತರಗತಿ ಮುಗಿಯುವವರೆಗೆ ದಿನವೂ ಆಕೆಯೇ ಕಟ್ಟಿದಳು. ಓಣಿಯೆಲ್ಲ ಸಡಿಲವೆಂದು ನಂಬಿದ್ದ ಆಕೆಯ ಗಂಟು ಒಂದು ದಿನವೂ ಬಿಚ್ಚಿಕೊಳ್ಳಲಿಲ್ಲ.